ಕರೆಯದೆ ಬಂದ ಬಿಡಾರ

"ಮೊದ್ಲು ಆ ನೀಲಿ ಟಾರ್ಪಾಲಿಂದು ಎತ್ತಲೇ ಮಲ್ಲೇಶ. ಅದೇ ದೊಡ್ಡದು."

ತಿಮ್ಮರಾಯಪ್ಪ ಹೀಗೆ ಅಪ್ಪಣೆ ಕೊಟ್ಟ ಮೇಲೆ ಮಲ್ಲೇಶ ಜೆಸಿಬಿಯ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಅದರ ಬಕೆಟ್ಟಿಗೆ ಊದಿನಕಡ್ಡಿ ಬೆಳಗತೊಡಗಿದ. ಅವನೇನೂ ಅಂಥ ದೈವಭಕ್ತನಲ್ಲ. ಹೊತ್ತು ತಳ್ಳುತ್ತಿದ್ದ. ಬಕೆಟ್ಟಿನ ಹಲ್ಲುಗಳ ಎದುರಿಗೇ ಒಬ್ಬ ಮನುಷ್ಯ ಕೊಡೆ ಊರಿಕೊಂಡು ನಿಂತಿದ್ದ. ಆ ಮನುಷ್ಯ ಕೋರ್ಟಿನವನು ಎಂಬುದು ಮತ್ತೋಡಿನ ದನಕರುಗಳಿಗೂ ಗೊತ್ತಿತ್ತು.

ಕನಕರಾಜ್ ಹೊಳಲ್ಕೆರೆಯಲ್ಲಿ ಅಮೀನನಾಗಿದ್ದು ನಿವೃತ್ತನಾಗಿ, ಈಗ ಕರೆದವರಿಗೆ ಪತ್ತೇದಾರಿ ಮಾಡಿಕೊಡುವವನು. ಕೋರ್ಟಿನ ಸಮನ್ಸನ್ನು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸವಾಗಿತ್ತು. ಅವನನ್ನು ಕಂಡೊಡನೆ ಅಟ್ಟ ಹತ್ತುವುದು, ಹಿತ್ತಿಲ ಬಾಗಿಲಲ್ಲಿ ಓಡುವುದು, ಹೆಂಡತಿಯ ಬಾಯಲ್ಲಿ "ಅವ್ರು ಹೋಗಿಬಿಟ್ರು" ಎನ್ನಿಸಿ ಕಣಜದೊಳಗಿಂದ ಸೀನುವುದು ಜನರ ಕೆಲಸವಾಗಿತ್ತು. ಹೀಗಾಗಿ ಅವನಿಗೆ ಪತ್ತೇದಾರಿಯನ್ನು ಬೇರೆಯಾಗಿ ಕಲಿಯಬೇಕಾಗಿ ಬರಲಿಲ್ಲ. ಒಂದೇ ಒಂದು ಕುಂದು: ಕೈಗೆ ಬಂದ ಯಾವ ಕಾಗದವನ್ನೂ ಅವನು ಮೊದಲ ಸಾಲಿನಾಚೆ ಓದಿದವನಲ್ಲ. ಹೆಸರು ಯಾರದೆಂದು ನೋಡುವುದು, ಕೊಟ್ಟು ಬರುವುದು. ಉಳಿದದ್ದು ವಕೀಲರ ತಲೆನೋವು.

"ಅಮೀನ್‌ರೇ, ಪಕ್ಕಕ್ಕೆ ಬರ್ರಿ," ಎಂದ ತಿಮ್ಮರಾಯಪ್ಪ. ಬಾಯಲ್ಲಿ ಎಲೆಅಡಿಕೆ ತುಂಬಿದ್ದರಿಂದ ಅದು 'ಅಮೀಂಏ, ಪಕ್ಕೆ ಬಯ್ಯಿ' ಎಂದು ಕೇಳಿಸಿತು. "ಕೆಲ್ಸಕ್ಕೆ ಕರ್ಸಿರೋನು ನಾನು. ನನಗೇ ಅಡ್ಡ ನಿಂತ್ರೆ?"

"ಕರ್ಸಿರೋದಕ್ಕೇ ನಿಂತಿದೀನಿ ತಿಮ್ರಾಯಣ್ಣಾ. ಇವತ್ತು ನೀವು ಫಿರ್ಯಾದಿ, ಅವರು ಎದುರು ಪಾರ್ಟಿ. ಬಕೆಟ್ ತಾಗ್ತೋ, ನಾಳೆ ಅವರು ಫಿರ್ಯಾದಿ, ನೀವು ಆರೋಪಿ. ಈಗಿರೋದೇ ಚೆನ್ನಾಗೈತೆ, ಇಂಗೇ ಇರಾಣ."

"ಹೊಲ ನಂದು!"

"ಹೊಲ ನಿಮ್ಮದು. ಟಾರ್ಪಾಲು ಅವರದು, ಅದರೊಳಗೆ ಮಲಗಿರೋ ಮಕ್ಳು ಅವರವು. ಜೆಸಿಬಿಗೆ ಹೊಲ ಯಾವುದು ಮಗು ಯಾವುದು ಗೊತ್ತಾಗಕಿಲ್ಲ."

ಮಲ್ಲೇಶ ಇದಕ್ಕೆ ತಲೆಯಾಡಿಸಿ ಇನ್ನೆರಡು ಊದಿನಕಡ್ಡಿ ಹಚ್ಚಿದ.

ಹೋದ ವಾರ ಬೆಳಗಾಗುವಷ್ಟರಲ್ಲಿ, ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಬಾವಿಗೆ ಒತ್ತಿಕೊಂಡಂತೆ ಎದ್ದುನಿಂತ ಬಿಡಾರವದು; ಯಾರು ತಂದು ಕೂರಿಸಿದರೆಂಬುದು ಇನ್ನೂ ಪತ್ತೆಯಾಗಿರಲಿಲ್ಲ.

ಪತ್ತೆಯಾಗಲು ಉಳಿದಿದ್ದದ್ದು ಇವತ್ತೊಂದೇ ದಿನ. ನಾಳೆ ಬೆಳಗ್ಗೆ ಸರ್ವೆಯರ್ ಬರುವವನಿದ್ದ. ತಿಮ್ಮರಾಯಪ್ಪನ ಹೊಲಕ್ಕೂ ಅವನ ದಾಯಾದಿ ಮಾರುತೇಶನ ಹೊಲಕ್ಕೂ ನಡುವಿನ ಬಾವಿ ಯಾರಿಗೆ ಸೇರಿದ್ದು ಎಂದು ಅಳೆದು, ಕಲ್ಲು ನೆಟ್ಟು, ಹದ್ದುಬಸ್ತು ಮಾಡಿ ಹೋಗಬೇಕಿತ್ತು. ಅಳತೆಯ ದಾರಿಯಲ್ಲಿ ಸಂಸಾರಗಳು ಕೂತಿದ್ದರೆ ಸರ್ವೆಯರ್ ಎಳನೀರು ಕುಡಿದು ವಾಪಸ್ ಹೋಗುತ್ತಾನೆ. ಅವನು ಮತ್ತೆ ಬರುವ ಹೊತ್ತಿಗೆ ತಿಮ್ಮರಾಯಪ್ಪ ಇರುತ್ತಾನೋ, ಬಾವಿಯಲ್ಲಿ ನೀರಿರುತ್ತದೋ, ಎರಡೂ ಸಂಶಯ.

ಅದಕ್ಕೆಂದೇ ತಿಮ್ಮರಾಯಪ್ಪ ಠಾಣೆಗೆ ದೂರು ಕೊಟ್ಟಿದ್ದ: 'ನನಗೆ ಗುರುತು ಪರಿಚಯವಿಲ್ಲದ, ನಾನು ಕರೆಯದ ಜನ.' ಠಾಣೆಯವರು ಸಮಾಧಾನವಾಗಿ ಕೇಳಿದ್ದು ಒಂದೇ: "ಮೊದ್ಲು ಅವರನ್ನ ಮಾತಾಡ್ಸಿದ್ರಾ?" ಮಾತಾಡಿಸಿರಲಿಲ್ಲ. ಮಾತಾಡಿಸಬಾರದೆಂದು ಚಿತ್ರದುರ್ಗದ ವಕೀಲ ನಿರಂಜನ್ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದ. "ಒಂದು ಮಾತು ಆಡಿದ್ರೂ ಒಪ್ಪಿಗೆ ಕೊಟ್ಟಂಗೆ. ಬಾಯೇ ಬಿಡಬ್ಯಾಡ್ರಿ."

ಬಾಯಿ ಬಿಡದೆ ಜನರನ್ನು ಎಬ್ಬಿಸುವ ಉಪಾಯ ತಿಮ್ಮರಾಯಪ್ಪನಿಗೆ ಒಂದೇ ಹೊಳೆದಿತ್ತು. ದಿನಾ ಬೆಳಗ್ಗೆ ಬದುವಿನ ಮೇಲೆ ನಿಂತು ಅವರತ್ತ ನೋಡಿ ಗಟ್ಟಿಯಾಗಿ ಕೆಮ್ಮುವುದು.

"ಕುರಿ ಮಂದೆ ಕೂರ್ಸಾಣ ಅಂತಿದ್ದೆ ಅಮೀನ್‌ರೇ," ಎಂದು ಅವನು ಗೊಣಗಿದ. "ನಾಕು ರಾತ್ರಿ ಕುರಿ ತಂಗಿದ್ರೆ ಹೊಲಕ್ಕೆ ಗೊಬ್ಬರ. ಹೇಳೂ ಕಳ್ಸಿದ್ದೆ. ಈ ಜನ ಕುಂತಿರೋದು ಕಂಡು ಕುರಿಗಳು ಅತ್ಲಾಗೇ ಹೋದ್ವೇನೋ. ಇದೆಲ್ಲಾ ಆ ಮಾರುತೇಶನ ಕಿತಾಪತಿ. ಅಳ್ತೆ ನಿಲ್ಸಕ್ಕೆ ಅವನೇ ತಂದು ಹಾಕವ್ನೆ!"

ಕಿತಾಪತಿಯವನು ದೂರವೇನಿರಲಿಲ್ಲ. ಬದುವಿನ ಆಚೆ ಬೈಕಿನ ಮೇಲೆ ಕೂತು, ಬೇವಿನಕಡ್ಡಿಯಲ್ಲಿ ಹಲ್ಲುಜ್ಜುತ್ತ, ಜೆಸಿಬಿ ಪೂಜೆಯನ್ನು ನೋಡುತ್ತಿದ್ದ. ಕನಕರಾಜ್ ಅವನತ್ತ ನಡೆದ. ಅಮೀನನನ್ನು ಕಂಡ ಕೂಡಲೇ ಮಾರುತೇಶ ರೂಢಿಯಂತೆ ಬೈಕಿಗೆ ಕಿಕ್ ಹೊಡೆದು, ಅದು ಸ್ಟಾರ್ಟ್ ಆಗದೆ, ನಗುಮುಖ ಮಾಡಿಕೊಂಡ.

"ಓಡಬ್ಯಾಡ. ಈಗ ನನ್ನ ಹತ್ರ ಸಮನ್ಸಿಲ್ಲ. ಈ ಬಿಡಾರ ನಿಂದಾ?"

"ನಂದಾ? ನಾಳೆ ಅಳ್ತೆ ಆಗ್ಲಿ ಅಂತ ತಾಲ್ಲೂಕ್ ಆಫೀಸಿಗೆ ಅಲ್ದು ಅಲ್ದು ಎರಡು ಜೊತೆ ಚಪ್ಪಲಿ ಸವ್ಸಿರೋನು ನಾನು! ಬಾವಿ ನನ್ ಕಡೆಗೇ ಬರ್ತೈತೆ. ಅಳ್ದು ಬಿಡ್ಲಿ. ಆ ಮುದುಕಪ್ಪನ್ನ ಕೇಳ್ರಿ, ಸೋಲ್ತೀನಿ ಅಂತ ಅವನೇ ಜನ ಕೂರ್ಸವ್ನೆ."

"ಅವನೂ ಅಳ್ತೆ ಬೇಕು ಅಂತಾನೆ."

"ಮತ್ತೆ ಬ್ಯಾಡ ಅನ್ನೋರು ಯಾರು?"

ಕನಕರಾಜನಿಗೆ ಆ ಪ್ರಶ್ನೆ ಹಿಡಿಸಿತು. ಎದುರು ಪಾರ್ಟಿಯಿಂದ ಬಂದದ್ದಾದರೂ ಒಳ್ಳೆಯ ಪ್ರಶ್ನೆ.

ಅವನು ಬಿಡಾರದ ಕಡೆ ತಿರುಗಿದ. ವಕೀಲನ ಕಟ್ಟಪ್ಪಣೆ ತಿಮ್ಮರಾಯಪ್ಪನಿಗೆ, ತನಗಲ್ಲ.

ಬಿಡಾರದಲ್ಲಿ ಯಾರೂ ಓಡಲಿಲ್ಲ. ಅವನ ಸೇವಾವಧಿಯಲ್ಲೇ ಇಂಥದ್ದು ಅಪರೂಪ. ನೀಲಿ ಟಾರ್ಪಾಲಿನ ಮುಂದೆ ಕೂತು ಒಲೆ ಊದುತ್ತಿದ್ದ ಗಟ್ಟಿಮುಟ್ಟು ಹೆಂಗಸೊಬ್ಬಳು ಖಾಲಿ ಚೀಲ ಕೊಡವಿ ಹಾಸಿದಳು.

"ಬರ್ರಿ ಅಣ್ಣ, ಕುಂತ್ಕಳ್ರಿ. ನೀವಾದ್ರೂ ಮಾತಾಡ್ತೀರಾ? ಇಲ್ಲ ನೀವೂ ಕೆಮ್ಮಿ ಹೋಗ್ತೀರಾ?"

"ಮಾತಾಡಕ್ಕೇ ಬಂದೆ. ಹೆಸರೇನಮ್ಮ?"

"ಕಾಳಕ್ಕ. ಈ ಗುಂಪಿಗೆಲ್ಲಾ ನಾನೇ ಮೇಸ್ತ್ರಿ." ಅವಳು ದನಿ ತಗ್ಗಿಸಿದಳು. "ಪಾಪ, ಆ ಹೊಲದೋರಿಗೆ ಗಂಟ್ಲು ಯಾವಾಗಿಂದ ಹಿಂಗೈತೆ? ದಿನಾ ಕೆಮ್ತಾರೆ. ನಾವು ಶುಂಠಿ ಕಷಾಯ ಕಾಯ್ಸಿ ತಗಂಡು ಹೋದ್ವಿ. ಬಾಗ್ಲು ಹಾಕ್ಕಂಡ್ರು."

ಕನಕರಾಜ್ ಮುಖ ಗಂಟಿಕ್ಕಿಕೊಂಡು ನಗು ತಡೆದ. "ನೀವು ಇಲ್ಲಿಗೆ ಬಂದಿದ್ದು ಯಾಕೆ ಕಾಳಕ್ಕ?"

"ಈರುಳ್ಳಿ ಕೀಳಕ್ಕೆ."

ಕನಕರಾಜ್ ಹೊಲದ ಉದ್ದಗಲಕ್ಕೂ ಕಣ್ಣು ಹಾಯಿಸಿದ. ಎಲ್ಲಿ ನೋಡಿದರೂ ಮೆಕ್ಕೆಜೋಳದ ಕೂಳೆ.

"ಇಲ್ಲಿ ಈರುಳ್ಳಿನೇ ಇಲ್ವಲ್ಲ?"

"ಅದನ್ನೇ ಕೇಳಾಣ ಅಂತ ನಾವೂ ಒಂದು ವಾರದಿಂದ ಕಾಯ್ತಿದೀವಿ! ಹೊಲದೋರೇ ಕರ್ಸಿದ್ರು ಅಂದ್ರು, ಬಂದ್ವಿ. ಬಾವಿ ಪಕ್ಕ ಬಿಡಾರ ಹಾಕ್ರಿ ಅಂದ್ರು, ಹಾಕಿದ್ವಿ. ಈಗ ನೋಡಿದ್ರೆ ಪೋಲೀಸ್‌ನೋರು ಬಂದು ಯಾರನ್ನ ಕೇಳಿ ಕುಂತ್ರಿ ಅಂತಾರೆ. ಕರ್ದು ಕೂರ್ಸಿ ಕಂಪ್ಲೇಂಟ್ ಕೊಡೋದು ನಿಮ್ ಕಡೆ ಪದ್ಧತೀನಾ?"

ಟಾರ್ಪಾಲುಗಳ ನೆರಳಲ್ಲಿ ಈರುಳ್ಳಿಯ ಸೊಪ್ಪು ಕೊಯ್ಯುವ ಸಣ್ಣ ಕುಡುಗೋಲುಗಳು, ಮಂಕರಿಗಳು, ಮಡಿಸಿಟ್ಟ ಚೀಲಗಳು ಇದ್ದವು. ಹೆಂಗಸು ಸುಳ್ಳು ಹೇಳುತ್ತಿಲ್ಲ. ಆಗ ಅವನ ಕಣ್ಣಿಗೆ ಒಲೆಯ ಪಕ್ಕದ ಸ್ಟೀಲ್ ಡಬರಿ ಬಿತ್ತು. ಅದರ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು: 'ಪಾರ್ವತಮ್ಮ ತಿಮ್ಮರಾಯಪ್ಪ, ಮತ್ತೋಡು'.

"ಆ ಡಬರಿ?"

"ಯಾವ ಡಬರಿ?" ಎನ್ನುತ್ತಲೇ ಕಾಳಕ್ಕ ಅದನ್ನು ಹೆಸರು ಒಲೆಯ ಕಡೆಗಾಗುವಂತೆ ತಿರುಗಿಸಿಟ್ಟಳು. ಅಷ್ಟು ಸರಾಗವಾಗಿ ತಿರುಗಿಸಿದ್ದನ್ನು ನೋಡಿದರೆ ಮೊದಲ ಸಲದ್ದಲ್ಲ.

ಕನಕರಾಜ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದು ಕೇಳಿದ. "ಹೊಲದೋರು ಕರ್ಸಿದ್ರು ಅಂತ ನಿಮಗೆ ಹೇಳಿದ್ದು ಯಾರು?"

"ಹಿರಿಯೂರಿನ ರಾಮಾಂಜನೇಯ."

ಹಿರಿಯೂರಿನಲ್ಲಿ ರಾಮಾಂಜನೇಯನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಮಳಿಗೆಯ ಬೋರ್ಡಿನ ಮೇಲೆ 'ಕುರಿ, ಕೂಲಿ, ಶಾಮಿಯಾನ, ವಾದ್ಯ' ಎಂದು ಬರೆದಿತ್ತು. ಒಳಗೆ ಒಬ್ಬ ದಪ್ಪ ಮನುಷ್ಯ ಒಂದು ಕಿವಿಯ ಫೋನಿಗೆ ತೆಲುಗಿನಲ್ಲೂ ಇನ್ನೊಂದು ಕಿವಿಯ ಫೋನಿಗೆ ಕನ್ನಡದಲ್ಲೂ ಒಂದೇ ಕುರಿಯನ್ನು ಹೊಗಳುತ್ತಿದ್ದ.

"ಮತ್ತೋಡಿಗೆ ಮಂದಿ ಕಳ್ಸಿದೋನು ನೀನಾ?" ಎಂದ ಕನಕರಾಜ್.

"ನಾನೇ ಸಾರ್. ಯಾಕೆ, ಕೆಲ್ಸ ಚೆನ್ನಾಗಿ ಮಾಡ್ಲಿಲ್ವಾ?"

"ಮಾಡಕ್ಕೆ ಈರುಳ್ಳಿನೇ ಇಲ್ಲ. ಕಳ್ಸು ಅಂದಿದ್ಯಾರು?"

"ಹೊಲದೋರೇ ಅಂದ್ರು. ಅನುಮಾನ ಇದ್ರೆ ಕೇಳ್ರಿ ಸಾರ್, ನಾನು ಯಾರ ದನೀನೂ ಅಳ್ಸಲ್ಲ," ಎಂದು ರಾಮಾಂಜನೇಯ ವಾಟ್ಸಾಪ್ ತೆರೆದು, ಬೆರಳಾಡಿಸಿ, ಫೋನನ್ನು ಮೇಜಿನ ಮೇಲಿಟ್ಟ.

ಬಸ್ಸುಗಳ ಗದ್ದಲದ ನಡುವೆ ಕೇಳಿಬಂದದ್ದು ಯಾರ ದನಿ ಎಂದು ಹೇಳುವುದಕ್ಕೆ ಪತ್ತೇದಾರನೇ ಬೇಕಾಗಿರಲಿಲ್ಲ. "ಲೇ ರಾಮಾಂಜಿ... ನಾನು ಮತ್ತೋಡು ತಿಮ್ರಾಯಪ್ಪ. ಬಾವಿ ಪಕ್ಕದ ಹೊಲ ಖಾಲಿ ಐತೆ... ಮಂದ್... ಕೂರುಸ್ಬೇಕು. ಜಲ್ದಿ ಕಳ್ಸು."

'ಮಂದ್' ಎಂಬುದು ಸ್ಪಷ್ಟವಾಗಿ ಹೊರಬಂದಿತ್ತು. ಅದರ ಕೊನೆಯ ಸ್ವರ ಮಾತ್ರ ಎಲೆಅಡಿಕೆಯ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು.

ಕನಕರಾಜ್ ಎದ್ದುನಿಂತೇಬಿಟ್ಟ. ಕುರಿಯ ಮಂದೆ ಬೇಕೆಂದು ಕೇಳಿದವನಿಗೆ ಈರುಳ್ಳಿಯ ಮಂದಿ ಬಂದಿದ್ದರು! ತಿಮ್ಮರಾಯಪ್ಪ ಒಂದು ವಾರದಿಂದ ಊರೆಲ್ಲ ಹುಡುಕುತ್ತಿದ್ದ ಕಳ್ಳ ತಿಮ್ಮರಾಯಪ್ಪನೇ.

"ಸಾರ್, ಇನ್ನೂ ಐತೆ, ಪೂರ್ತಿ ಕೇಳ್ಕಳ್ರಿ..."

"ಸಾಕಾತು. ನನ್ನ ಫೋನಿಗೆ ಕಳ್ಸು," ಎಂದು ಕನಕರಾಜ್, ಮತ್ತೋಡಿನ ಕಡೆ ಹೋಗುವ ಹೊಸದುರ್ಗದ ಬಸ್ಸು ಹಾರನ್ ಹೊಡೆಯುತ್ತಿದ್ದಂತೆ, ಕೊಡೆ ಎತ್ತಿಕೊಂಡು ಓಡಿದ.

ಸಂಜೆ ಬಿಸಿಲು ಇಳಿಯುವ ಮುನ್ನ ತಿಮ್ಮರಾಯಪ್ಪನ ಪಡಸಾಲೆಯಲ್ಲಿ ಪಂಚಾಯ್ತಿ ಸೇರಿತು. ಕನಕರಾಜ್ ಕಾಳಕ್ಕನನ್ನೂ ಕರೆತಂದಿದ್ದ. ತಿಮ್ಮರಾಯಪ್ಪ ಅವಳನ್ನು ಕಂಡು ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿದ.

"ಅಯ್ಯೋ, ಇನ್ನೂ ವಾಸಿ ಆಗಿಲ್ವಾ?" ಎಂದಳು ಕಾಳಕ್ಕ.

"ಇವಳ ಜೊತೆ ನಾನು ಮಾತಾಡಂಗಿಲ್ಲ ಅಮೀನ್‌ರೇ. ವಕೀಲ್ರು ಬ್ಯಾಡ ಅಂದವ್ರೆ."

"ಆಡಬ್ಯಾಡ್ರಿ. ಕೇಳ್ರಿ ಸಾಕು." ಕನಕರಾಜ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯಾಕೆಯತ್ತ ತಿರುಗಿದ. "ಅದಕ್ಕೂ ಮುಂಚೆ, ಪಾರ್ವತಮ್ಮನೋರೇ, ನಿಮ್ಮ ಹೆಸರಿರೋ ಡಬರಿ ಒಂದು ಬಿಡಾರದಲ್ಲೈತೆ."

ಪಾರ್ವತಮ್ಮ ಕಣ್ಣು ಮಿಟುಕಿಸಲಿಲ್ಲ. "ಸಾರು ಹಾಕಿ ಕಳ್ಸಿದ್ದೆ. ಬರಿಗೈಯಲ್ಲಿ ಕಳ್ಸಕ್ಕಾಗ್ತೈತಾ?"

"ನೀನು ಸಾರು ಕಳ್ಸಿದ್ಯಾ?" ತಿಮ್ಮರಾಯಪ್ಪ ಹೌಹಾರಿದ. "ಒಂದ್ ಮಾತೂ ಆಡಬ್ಯಾಡ್ರಿ ಅಂತ ವಕೀಲ್ರು..."

"ಮಾತಾಡಬ್ಯಾಡ ಅಂದವ್ರೆ. ಸಾರಿನ ವಿಷ್ಯ ಏನೂ ಹೇಳಿಲ್ಲ," ಎಂದು ಪಾರ್ವತಮ್ಮ ಕಾಫಿಗೆ ನೀರಿಡಲು ಒಳಗೆ ಹೋದಳು.

ಕನಕರಾಜ್ ಫೋನು ತೆಗೆದು ದನಿ ಕೇಳಿಸಿದ. 'ಮಂದ್... ಕೂರುಸ್ಬೇಕು' ಎಂಬಲ್ಲಿಗೆ ನಿಲ್ಲಿಸಿದ.

"ಇದು ನಾನೇ!" ಎಂದ ತಿಮ್ಮರಾಯಪ್ಪ, ಗುರುತು ಹಿಡಿದ ಖುಷಿಯಲ್ಲಿ. ಆಮೇಲೆ ಮುಖ ಬಿಳಿಚಿಕೊಂಡಿತು. "ಆದ್ರೆ ನಾನು ಅಂದಿದ್ದು ಮಂದೆ."

"ಮಂದಿ ಅಂದೈತೆ," ಎಂದಳು ಕಾಳಕ್ಕ.

"ಮಂದೆ!"

"ಇನ್ನೊಂದ್ಸಲ ಹಾಕ್ರಿ ಅಣ್ಣ. ...ನೋಡಿದ್ರಾ? ಮಂದಿ."

"ಕುರಿ ಕೂರ್ಸ್ತಾರೋ, ಮಂದಿ ಕೂರ್ಸ್ತಾರೋ?"

"ನಮ್ಮನ್ನೇನು ನಿಂದಿರ್ಸ್ತಾರಾ?"

ತಿಮ್ಮರಾಯಪ್ಪ ಅಂಗಳಕ್ಕೆ ಹೋಗಿ, ಬಹುಕಾಲದಿಂದ ದವಡೆಯಲ್ಲಿ ಮನೆಮಾಡಿದ್ದ ಎಲೆಅಡಿಕೆಯನ್ನು ಪೂರ್ತಿ ಉಗಿದು, ಬಾಯಿ ಮುಕ್ಕಳಿಸಿ ಬಂದು, ಸಭೆಯ ಮುಂದೆ ನಿಂತು "ಮಂ-ದೆ" ಎಂದ. ಅಷ್ಟು ಶುದ್ಧವಾದ ಎಕಾರವನ್ನು ಅವನ ಬಾಯಿಂದ ಊರು ಕೇಳಿ ವರ್ಷಗಳಾಗಿದ್ದವು.

"ಈಗ ಅಂದ್ರೇನು ಬಂತು ತಿಮ್ರಾಯಣ್ಣಾ," ಎಂದ ಕನಕರಾಜ್. "ನಾನು ಕರೆಯದ ಜನ ಅಂತ ಠಾಣೇಲಿ ಬರ್ದುಕೊಟ್ಟಿದೀರ. ಕರ್ದಿರೋ ದನಿ ಇಲ್ಲೈತೆ. ಕರ್ಸ್ಕೊಂಡು ಬಂದೋರು ಅತಿಕ್ರಮ ಮಾಡಿದೋರು ಆಗಲ್ಲ, ನೆಂಟರಾಗ್ತಾರೆ. ನೆಂಟರನ್ನ ಜೆಸಿಬಿಲಿ ಎತ್ತಕ್ಕಾಗಲ್ಲ. ಎದ್ದೋಗ್ರಿ ಅಂತ ಕೇಳ್ಬೇಕು, ಟೈಮ್ ಕೊಡ್ಬೇಕು, ಆಮೇಲೆ ಬಾಕಿದು. ಈಗ ಮೊದ್ಲು ದೂರು ವಾಪಸ್ ತಗಳ್ರಿ. ಆಮೇಲೆ ಬಾಯಿಬಿಟ್ಟು ಕೇಳ್ರಿ."

ತಿಮ್ಮರಾಯಪ್ಪ ವಕೀಲನನ್ನೂ, ಬಾವಿಯನ್ನೂ, ನಾಳೆ ಬರುವ ಸರ್ವೆಯರನನ್ನೂ ನೆನೆದು ಒಮ್ಮೆ ಮೇಲೆ ನೋಡಿದ. ಕೊನೆಗೆ, ವಾರದಲ್ಲಿ ಮೊದಲ ಸಲ, ಅವಳೊಂದಿಗೆ ಮಾತಾಡಿದ.

"ಕಾಳಕ್ಕಾ... ನಾಳೆ ಬೆಳಗ್ಗೆ ಬಾವಿ ಹತ್ರ ಅಳ್ತೆ ಐತೆ ಕಣಮ್ಮ. ಸ್ವಲ್ಪ ಆ ಕಡೆ ಬೇವಿನಮರದ ಹತ್ರ ಬಿಡಾರ ಹಾಕ್ಕಂತೀರಾ? ಮುಂದಿನ ಕೆಲ್ಸ ಸಿಗೋ ಗಂಟ ಅಲ್ಲೇ ಇರ್ರಿ, ನಂದೇನೂ ಅಡ್ಡಿಯಿಲ್ಲ."

ಕಾಳಕ್ಕ ಅವನನ್ನೇ ದಿಟ್ಟಿಸಿ ನೋಡಿದಳು. "ಇಷ್ಟೇನಾ? ಇದನ್ನ ಅವತ್ತೇ ಕೇಳಿದ್ರೆ ಅವತ್ತೇ ಎದ್ದೋಗ್ತಿದ್ವಲ್ಲ. ಬೆಳಕು ಹರಿಯೋ ಅಷ್ಟ್ರಲ್ಲಿ ಖಾಲಿ ಮಾಡ್ತೀವಿ ಬಿಡ್ರಿ."

ಪತ್ತೇದಾರಿಕೆಯಲ್ಲಿ ಇಂಥ ಗಳಿಗೆ ಬಹಳ ಬರುವುದಿಲ್ಲ. ಜೆಸಿಬಿಯಿಲ್ಲದೆ, ಕೋರ್ಟಿಲ್ಲದೆ, ಬರೀ ಒಂದು ಸ್ವರಾಕ್ಷರದಿಂದ ಕೇಸು ಬಗೆಹರಿದಿತ್ತು. ಕನಕರಾಜ್ ಗೋಡೆಗೆ ಒರಗಿ, ಗೆದ್ದವನ ಉದಾಸೀನದಲ್ಲಿ ಕಾಲು ಚಾಚಿದ. ಚಾಚುವಾಗ ಕೈಯ ಹೆಬ್ಬೆರಳು ತಾಗಿ ಫೋನಿನಲ್ಲಿ ನಿಂತಿದ್ದ ದನಿ ಮತ್ತೆ ಹರಿಯತೊಡಗಿತು.

"...ಜಲ್ದಿ ಕಳ್ಸು," ಎಂದಿತು ತಿಮ್ಮರಾಯಪ್ಪನ ದನಿ. ಆಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಬಾಗಿಲು ಕಿರುಗುಟ್ಟಿತು.

"ಮುಗಿದಿಲ್ವಾ ಇದು?" ಎಂದ ತಿಮ್ಮರಾಯಪ್ಪ. "ನನಗೆ ಆ ಬಟನ್ ಒತ್ತಿ ಹಿಡ್ಯೋದು ಬರಲ್ಲ. ಫೋನು ಹಿಡ್ಕಂಡಿದ್ದು ಪಾರ್ವತಿ."

ಫೋನಿನೊಳಗೆ ಯಾರೋ ಉಸಿರೆಳೆದುಕೊಂಡರು. ಹೆಂಗಸಿನ ದನಿ, ತಗ್ಗಿದ್ದು, ಅವಸರದ್ದು, ಒಂದೊಂದು ಅಕ್ಷರವೂ ಸ್ಪಷ್ಟ:

"ರಾಮಾಂಜಣ್ಣಾ, ನಾನು ಪಾರ್ವತಮ್ಮ. ಇವ್ರು ಅಂದಿದ್ದು ಮಂದೆ. ನೀನು ಮಂದಿ ಕಳ್ಸು. ಕಾಳಕ್ಕನ ಗುಂಪೇ ಆಗ್ಬೇಕು. ಬಾವಿಗೆ ಒತ್ತಿ ಬಿಡಾರ ಹಾಕ್ಸು. ಅಳ್ತೆಯೋರು ಬಂದು ವಾಪಸ್ ಹೋಗೋ ಗಂಟ ಏಳ್ಸಬ್ಯಾಡ."

ಕನಕರಾಜ್ ಕಾಲು ಮಡಿಸಿಕೊಂಡ. 'ಪೂರ್ತಿ ಕೇಳ್ಕಳ್ರಿ' ಎಂದಿದ್ದನಲ್ಲ ಪುಣ್ಯಾತ್ಮ!

ಪಾರ್ವತಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಕಾಳಕ್ಕ, ನೀನು ಬೆಳಗ್ಗೆ ಏಳಬ್ಯಾಡ," ಎಂದಳು. "ಅಲ್ಲೇ ಇರು."

"ಏನೇ ಇದು?" ತಿಮ್ಮರಾಯಪ್ಪನ ದನಿ ನಡುಗಿತು. ಈಗ ಬಾಯಲ್ಲಿ ಅಡಿಕೆಯಿರಲಿಲ್ಲ, ನಡುಗಿದ್ದು ಎಲ್ಲರಿಗೂ ಕೇಳಿಸಿತು. "ಆ ಬಾವಿ ನಮಗೆ ಬರೋದು ನಿನಗೆ ಬ್ಯಾಡ್ವಾ? ಮಾರುತೇಶ ಹೊಡ್ಕಂಡು ಹೋಗ್ಲಿ ಅಂತಾನಾ?"

"ಅಳದ್ರೆ ಅದು ಮಾರುತೇಶನಿಗೂ ಬರಲ್ಲ ಕಣ್ರೀ. ನಮಗೂ ಬರಲ್ಲ. ನಿಮ್ಮಪ್ಪ ಅದನ್ನ ಯಾರ ಹೆಸರಿಗೆ ಬರ್ಸಿಟ್ಟವ್ರೆ ಅಂತ ನಿಮ್ಮವ್ವ ಸಾಯೋ ಮುಂಚೆ ನನ್ನೊಬ್ಬಳಿಗೇ ಹೇಳಿ ಹೋದ್ರು."

"ಮತ್ಯಾರಿಗೆ ಬರ್ತೈತೆ?"

ಪಾರ್ವತಮ್ಮ ಮನೆಯ ಯಜಮಾನನನ್ನೂ ಅಮೀನನನ್ನೂ ದಾಟಿ ಹೋಗಿ, ಮೊದಲ ಲೋಟವನ್ನು ಕಾಳಕ್ಕನ ಮುಂದೆ ಇಟ್ಟಳು.

ಬೆಳಗಿನಿಂದ ಯಾವ ಮಾತಿಗೂ ಹಿಂದೆ ಬೀಳದ ಕಾಳಕ್ಕ ಲೋಟ ಮುಟ್ಟಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಿಮ್ಮರಾಯಪ್ಪನ ಮುಖ ನೋಡಲಾರದೆ ನೆಲ ನೋಡುತ್ತ ಅಂದಳು:

"ಹೇಳಲ್ಲ ಅಂತ ನನ್ ತಲೆ ಮುಟ್ಟಿ ಆಣೆ ಇಟ್ಟಿದ್ಯಲ್ಲ ಅತ್ತಿಗೆ."